ನಂಜುಂಡ ಯಾರ ಕಡೆಯವನು

ಕಳೆದ ಚಳಿಗಾಲದಲ್ಲಿ ಪಾಂಡವಪುರದಿಂದ ಕ್ಯಾತನಹಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾಲೆಯ ತಿರುವಿನಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯಿಂದ ಯಾರದೋ ಆಲೆಮನೆಯ ವಾಸನೆ ಒಳಗೆ ಬಂತು. ಬೆಲ್ಲ ಕುದಿಯುವ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತದೆ. ರಸ ಹಿಂಡಿ ಎಸೆದ ಕಬ್ಬಿನ ಸಿಪ್ಪೆ, ನಮ್ಮ ಕಡೆ ರಚ್ಚು ಅನ್ನುತ್ತೇವೆ, ಬಿಸಿಲಿಗೆ ಅರ್ಧ ಒಣಗಿ ಅರ್ಧ ಹುಳಿಯಾದಾಗ ಬರುವ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ನಂಜುಂಡಾಚಾರಿ ನೆನಪಾದ. ಅವನನ್ನು ನೆನೆದಾಗಲೆಲ್ಲ ನನಗೆ ದುಃಖಕ್ಕಿಂತ ಮೊದಲು ಗೊಂದಲ ಬರುತ್ತದೆ. ಇಷ್ಟು ವರ್ಷವಾದರೂ ಅದು ಪೂರ್ತಿ ತಿಳಿಯಾಗಿಲ್ಲ.

ಅವನೂ ನಾನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಮ್ಮದು ಕ್ಯಾತನಹಳ್ಳಿಯಲ್ಲಿ ಗದ್ದೆ, ಜೊತೆಗೊಂದು ಆಲೆಮನೆ. ಅವರದು ಅಕ್ಕಸಾಲಿಗರ ಮನೆತನ. ಮನೆ ನಮ್ಮೂರಲ್ಲೇ, ಪಾಂಡವಪುರದ ಪೇಟೆ ಬೀದಿಯಲ್ಲಿ ಅಂಗಡಿ ಅಂತ ಒಂದು ಇಕ್ಕಟ್ಟು ಕೋಣೆ. ಶಾಲೆಯಲ್ಲಿ ನಂಜುಂಡನನ್ನು ಕಂಡರೆ ಆಗದವರು ಇರಲಿಲ್ಲ. ಹುಡುಗಿಯರ ಓಲೆಯ ತಿರುಪು ಕಳೆದುಹೋದರೆ ಮಾರನೆಯ ದಿನ ಹೊಸದೊಂದು ಮಾಡಿ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಮೇಷ್ಟ್ರು ಬೆತ್ತ ಎತ್ತಿದರೆ ಇವನು ನಗುತ್ತಿದ್ದ, ಅವನ ನಗು ಕಂಡು ಮೇಷ್ಟ್ರಿಗೂ ನಗು ಬರುತ್ತಿತ್ತು. ಕಬಡ್ಡಿ ಅಂಗಳಕ್ಕೆ ಇಳಿದಾಗ ಮಾತ್ರ ಆ ನಗು ಇರುತ್ತಿರಲಿಲ್ಲ. ಅವನ ರೇಡಿಗೆ ಎದುರಾಳಿಗಳು ಹಿಂದೆ ಹಿಂದೆ ಸರಿಯುತ್ತಿದ್ದರು.

ಹತ್ತನೇ ತರಗತಿಯಲ್ಲಿ ಒಂದು ಪಂದ್ಯದಲ್ಲಿ ಅವನ ಬಲಗೈಯ ನಡುಬೆರಳು ಮುರಿಯಿತು. ಕಟ್ಟು ಕಟ್ಟಿಸಿದರೂ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ಅವನ ಅಪ್ಪ ಅಂಗಳಕ್ಕೇ ಬಂದು ಎಲ್ಲರೆದುರು ಹೇಳಿದರು: "ಈ ಬೆಳ್ಳಲ್ಲೇ ನಮ್ ಅನ್ನ ಕಣ್ಲಾ. ಇನ್ನೊಂದ್ ಕಿತ ಕಬಡ್ಡಿ ಆಡುದ್ರೆ ಅಂಗ್ಡಿ ಮೆಟ್ಲು ಅತ್‌ಬ್ಯಾಡ." ನಂಜುಂಡ ಆಡುವುದಿಲ್ಲವೆಂದು ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಆದರೆ ಅಪ್ಪನ ಕೆಳಗೆ ಕೆಲಸ ಕಲಿತು ಆರೇಳು ವರ್ಷವಾದ ಮೇಲೆ ಒಂದು ಸಂಜೆ ನಮ್ಮ ಆಲೆಮನೆಗೆ ಬಂದು ರಚ್ಚಿನ ರಾಶಿಯನ್ನೇ ನೋಡುತ್ತಾ ನಿಂತ.

"ಇದ್ರಲ್ಲಿ ಒಂದ್ ಗಾಡಿ ಕೊಡ್ಲಾ."

"ಯಾಕ್ಲಾ? ಒಲೆ ಮಡುಗ್ತೀಯಾ?"

"ಕೆರೆ ಅಂಗ್ಳದಾಗೆ ಆಸ್ತೀನಿ. ನೆಲ ಮೆತ್ತಗಾಯ್ತದೆ. ಎಣ್ ಮಕ್ಳು ಬಿದ್ರೆ ಮಂಡಿ ತರ್ಕೊಳಲ್ಲ."

ಹೆಣ್ಣುಮಕ್ಕಳ ಕಬಡ್ಡಿ ತಂಡ ಕಟ್ಟುತ್ತೇನೆ ಅಂದ. ನಿಮ್ಮಪ್ಪನಿಗೆ ಕೊಟ್ಟ ಮಾತು ಏನಾಯಿತು ಎಂದು ಕೇಳಿದೆ. "ಆಡಲ್ಲ ಅಂದಿದ್ದೆ. ಆಡ್ಸಲ್ಲ ಅಂದಿಲ್ವಲ್ಲ" ಅಂದು ನಕ್ಕ.

ಅವನು ಮೊದಲು ಕೇಳಿದ್ದು ನನ್ನ ತಂಗಿ ಭಾಗ್ಯಳನ್ನು. ಅವಳು ಪಾಂಡವಪುರದಲ್ಲಿ ಪಿ.ಯು.ಸಿ. ಓದುತ್ತಿದ್ದಳು. ಉದ್ದ ಕಾಲಿನ ಹುಡುಗಿ, ಬಸ್ಸು ತಪ್ಪಿದರೆ ಓಡಿಯೇ ಹಿಡಿಯುತ್ತಿದ್ದವಳು. ಅಪ್ಪ ಮೊದಲು ಒಪ್ಪಲಿಲ್ಲ. ಒಲೆಗೆ ಇಕ್ಕುವುದನ್ನು ನೆಲಕ್ಕೆ ಹರಡುತ್ತಾನಲ್ಲ ಎಂಬ ಸಿಟ್ಟು ಒಂದು ಕಡೆ, ಮಗಳು ಊರೆದುರು ಮಣ್ಣಲ್ಲಿ ಹೊರಳುತ್ತಾಳೆ ಎಂಬ ಸಂಕಟ ಇನ್ನೊಂದು ಕಡೆ. ನಂಜುಂಡ ಇರುತ್ತಾನೆ, ನಾನಿರುತ್ತೇನೆ ಅಂತ ನಾನೇ ಭರವಸೆ ಕೊಟ್ಟೆ. ನಂಜುಂಡನ ಹೆಸರು ಕೇಳಿದ ಮೇಲೆ ಅಪ್ಪ ಇಲ್ಲವೆನ್ನಲಿಲ್ಲ. ನಮ್ಮಮ್ಮನ ತಾಳಿ ಮಾಡಿದ್ದೂ ಆ ಮನೆಯವರೇ.

ಮೊದಲ ವರ್ಷ ಬಾಬುರಾಯನಕೊಪ್ಪಲಿನಲ್ಲಿ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಪಂದ್ಯಾವಳಿಗೆ ಟ್ರಾಕ್ಟರಿನಲ್ಲಿ ಹುಡುಗಿಯರನ್ನು ಕರೆದುಕೊಂಡು ಹೋದೆವು. ಮಹಿಳೆಯರ ವಿಭಾಗಕ್ಕೆ ಬಂದಿದ್ದ ತಂಡ ನಮ್ಮದೊಂದೇ. ಮಧ್ಯಾಹ್ನದವರೆಗೆ ಕಾದು, ಯಾರೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ, ಮೈಕಿನಲ್ಲಿ ನಮ್ಮನ್ನು ವಿಜೇತರೆಂದು ಕೂಗಿ ಒಂದು ಷೀಲ್ಡು ಕೊಟ್ಟು ಕಳಿಸಿದರು. ಹುಡುಗಿಯರು ಒಂದು ಉಸಿರೂ ಹಿಡಿದಿರಲಿಲ್ಲ. ವಾಪಸು ಬರುವಾಗ ಭಾಗ್ಯ ಷೀಲ್ಡನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು ದಾರಿಯುದ್ದಕ್ಕೂ ಅತ್ತಳು. "ಆಡ್ದಲೆ ಗೆದ್ದಿದ್ದು ಯಾರ್ ಮುಂದೆ ತೋರುಸ್ಲಣ್ಣ?" ಎಂದು ನಂಜುಂಡನನ್ನು ಕೇಳಿದಳು. ಅವನು ಟ್ರಾಕ್ಟರಿನ ಹಲಗೆ ಹಿಡಿದುಕೊಂಡು ಗದ್ದೆಗಳ ಕಡೆ ನೋಡುತ್ತಾ ಇದ್ದ.

ಅಪ್ಪನಿಗೆ ಅದೇ ಸಾಕಾಯಿತು. "ಎದುರ್ಗೆ ಯಾರೂ ಇಲ್ದಿರೋ ಆಟ ಯಾತಕ್ಕಮ್ಮಿ? ಇನ್ನೊಂದ್ ವರ್ಸ ನೋಡ್ತೀನಿ. ಆಡಿ ಗೆದ್ದು ಬಂದ್ರೆ ಸರಿ. ಇಲ್ದಿದ್ರೆ ಸುಮ್ಕೆ ಓದ್ಕೊಂಡ್ ಮನೇಲಿರು" ಅಂದುಬಿಟ್ಟರು. ಆಮೇಲೆ ಬಂದ ವರ್ಷದ್ದೇ ನಾನು ಹೇಳಲು ಹೊರಟ ಕಥೆ. ತೊಂಬತ್ತೈದೋ ತೊಂಬತ್ತಾರೋ, ಈಗ ಭಾಗ್ಯಳನ್ನು ಕೇಳಿದರೂ ಅವಳೊಂದು ಹೇಳುತ್ತಾಳೆ, ನಾನೊಂದು.

ಆ ವರ್ಷ ಕಬ್ಬು ಚೆನ್ನಾಗಿತ್ತು. ದೀಪಾವಳಿಯಿಂದಲೇ ಗಾಣ ತಿರುಗತೊಡಗಿತು. ನಾನು ಮುಂಜಾನೆಯಿಂದ ಕೊಪ್ಪರಿಗೆಯ ಬಳಿ ಬೇಯುತ್ತಿದ್ದೆ. ಸಂಜೆ ಬಿಸಿಲು ಇಳಿದ ಮೇಲೆ ಕೆರೆ ಅಂಗಳಕ್ಕೆ ಹೋಗಿ ಕೂರುತ್ತಿದ್ದೆ. ದೂರದಲ್ಲಿ ಕುಂತಿಬೆಟ್ಟ ಮಂಜು ಹೊದ್ದುಕೊಳ್ಳುತ್ತಿತ್ತು. ನಂಜುಂಡ ಅಂಗಡಿ ಮುಚ್ಚಿ ಸೈಕಲ್ಲಿನಲ್ಲಿ ಬಂದು ಸುಣ್ಣದ ಗೆರೆ ಎಳೆಯುತ್ತಿದ್ದ. ಅಂಗಡಿಯಲ್ಲಿ ತಂತಿ ಎಳೆಯುವಾಗ ಇರುವ ತಾಳ್ಮೆಯೇ ಇಲ್ಲೂ. ಗೆರೆ ಸ್ವಲ್ಪ ಸೊಟ್ಟವಾದರೆ ಅಳಿಸಿ ಮತ್ತೆ ಎಳೆಯುವನು. ಹುಡುಗಿಯರ ಬಟ್ಟೆಗೆಲ್ಲ ರಚ್ಚಿನ ವಾಸನೆ ಹತ್ತಿ, ಕಾಲೇಜಿನಲ್ಲಿ ಅವರನ್ನು ಆಲೆಮನೆ ಟೀಮು ಅಂತ ಕರೆಯುತ್ತಿದ್ದರಂತೆ.

ಅವನು ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ತಪ್ಪು ಮಾಡಿದವಳ ಪಕ್ಕಕ್ಕೆ ಹೋಗಿ ಅವಳಿಗೆ ಮಾತ್ರ ಕೇಳುವಂತೆ ಹೇಳುತ್ತಿದ್ದ. ಭಾಗ್ಯಳಿಗೆ ಹೇಳಿದ್ದನ್ನು ಮಾತ್ರ ಎಲ್ಲರೂ ಕೇಳಿದ್ದೆವು, ಯಾಕೆಂದರೆ ದಿನವೂ ಅದನ್ನೇ ಹೇಳುತ್ತಿದ್ದ.

"ಎಡ್ಗಾಲು ಇಂದೆ ಉಳೀತದೆ ಕಣಮ್ಮಿ. ವಾಪಸ್ ತಿರುಗೋವಾಗ ಅದ್ನ ಮರ್ತೇಬುಡ್ತೀಯ."

"ಇದುವರ್ಗೂ ಯಾರೂ ಇಡ್ದಿಲ್ವಲ್ಲಣ್ಣ?"

"ಇಡ್ಯೋರು ಬತ್ತಾರೆ ಬುಡು."

ಭಾನುವಾರಗಳಂದು ಮಾತ್ರ ಅವನು ಸಿಗುತ್ತಿರಲಿಲ್ಲ. ಬೆಳಿಗ್ಗೆಯೇ ನಾಗಮಂಗಲದ ಬಸ್ಸು ಹತ್ತುತ್ತಿದ್ದ. ಅಲ್ಲಿ ಅವನ ಅಕ್ಕನನ್ನು ಕೊಟ್ಟಿತ್ತು. ಜೊತೆಗೆ ಮದುವೆ ಒಡವೆಯ ಕೆಲಸ ಇದೆ ಅನ್ನುತ್ತಿದ್ದ. ವಾರದ ನಡುವೆ ಒಮ್ಮೊಮ್ಮೆ ಕೆ.ಆರ್. ಪೇಟೆಗೂ ಹೋಗಿಬರುತ್ತಿದ್ದ. ಅವನಪ್ಪ ನನ್ನನ್ನು ಕಂಡಾಗ ಕೇಳುತ್ತಿದ್ದರು: "ಏನ್ಲಾ, ನಿನ್ ಸ್ನೇಯಿತ ಯಾವ್ದಾರ ಎಣ್ಣು ನೋಡ್ಕಂಡವ್ನಾ? ಬೆಳಗ್ಗೆ ಒಡ್ವೆ ಕೊಡಕ್ಕೋದೋನು ಸಂಜೆ ಆದ್ರೂ ಬರಲ್ಲ." ನನಗೂ ಹಾಗೇ ಅನ್ನಿಸಿತ್ತು. ರೇಗಿಸಿದರೆ ನಂಜುಂಡನ ಕಿವಿ ಕೆಂಪಾಗುತ್ತಿತ್ತು.

ಸಂಕ್ರಾಂತಿ ಮುಗಿದ ವಾರ ಮತ್ತೆ ಬಾಬುರಾಯನಕೊಪ್ಪಲಿಗೆ ಹೋದೆವು. ಈ ಸಲ ಮಹಿಳೆಯರ ವಿಭಾಗಕ್ಕೆ ಇನ್ನೊಂದು ತಂಡ ಹೆಸರು ಕೊಟ್ಟಿದೆ ಎಂಬ ಸುದ್ದಿ ಮೊದಲೇ ಬಂದಿತ್ತು. ನಾಗಮಂಗಲದವರಂತೆ. ಭಾಗ್ಯ ಹಿಂದಿನ ದಿನ ಊಟವನ್ನೇ ಸರಿಯಾಗಿ ಮಾಡಿರಲಿಲ್ಲ, ಅಷ್ಟು ಸಂಭ್ರಮ. ಮೈಸೂರು ರಸ್ತೆಯ ಪಕ್ಕ ಶಾಮಿಯಾನ ಹಾಕಿದ್ದರು. ನಾವು ಅದರ ನೆರಳಲ್ಲಿ ನಿಂತಿದ್ದಾಗ ಒಂದು ಟೆಂಪೋ ಬಂತು. ಅದರಿಂದ ಹುಡುಗಿಯರು ದಬದಬ ಇಳಿದರು. ಇಳಿದವರೇ ನೇರವಾಗಿ ನಮ್ಮ ಕಡೆಗೆ ಓಡಿಬಂದು ನಂಜುಂಡನನ್ನು ಸುತ್ತಿಕೊಂಡರು.

"ಅಣ್ಣಾ, ಬಸ್ ಸಿಗ್ನಿಲ್ಲ, ಅದ್ಕೇ ತಡ ಆಯ್ತು!"

"ಅಣ್ಣಾ, ಗೌರಿಗೆ ಜ್ವರ ಬಿಟ್ಟದೆ, ಆಡ್ತಾಳಂತೆ!"

ನಮ್ಮ ಹುಡುಗಿಯರು ಹಾಗೇ ನಿಂತುಬಿಟ್ಟರು. ಭಾಗ್ಯ ಮೆಲ್ಲಗೆ ಕೇಳಿದಳು: "ಇವ್ರೆಲ್ಲ ಯಾರಣ್ಣ?"

"ನಮ್ಮೋರೇ ಕಣಮ್ಮಿ" ಅಂದ ನಂಜುಂಡ.

"ನಮ್ಮೋರು ಅಂದ್ರೆ?"

ಅಷ್ಟರಲ್ಲಿ ಮೈಕಿನವನು ಎರಡೂ ತಂಡದ ತರಬೇತುದಾರರು ಬರಬೇಕೆಂದು ಕೂಗಿದ. ನಂಜುಂಡ ಒಬ್ಬನೇ ಹೋದ. ಮೇಜಿನ ಹಿಂದೆ ಕೂತಿದ್ದವರು ಇನ್ನೊಬ್ಬರೆಲ್ಲಿ ಎಂದರು. ಇವನು ಎರಡಕ್ಕೂ ನಾನೇ ಅಂದ. ಮೈಕಿನವನಿಗೆ ಇದಕ್ಕಿಂತ ಒಳ್ಳೆಯದು ಸಿಗಬೇಕೆ? "ಕೇಳಿ ಸ್ವಾಮಿ, ಎರಡೂ ಟೀಮಿಗೂ ಒಬ್ರೇ ಕೋಚಂತೆ! ಇವತ್ತು ಸೋಲೋದೂ ಇವ್ರೇ, ಗೆಲ್ಲೋದೂ ಇವ್ರೇ!" ಜನ ನಕ್ಕರು. ನಾನೂ ನಗಲು ಹೋದೆ, ಭಾಗ್ಯಳ ಮುಖ ನೋಡಿ ನಿಲ್ಲಿಸಿದೆ.

ಆ ಪಂದ್ಯದಂಥ ಪಂದ್ಯವನ್ನು ನಾನು ಮತ್ತೆ ನೋಡಿಲ್ಲ. ಇವರು ಹಾಕುವ ಪಟ್ಟು ಅವರಿಗೆ ಗೊತ್ತು, ಅವರು ಹಾಕುವ ಪಟ್ಟು ಇವರಿಗೆ ಗೊತ್ತು. ನಮ್ಮವರು ಕೈಕೈ ಹಿಡಿದು ಸರಪಳಿ ಕಟ್ಟಿದರೆ ಅವರ ರೇಡರು ಅದರ ತುದಿಗೇ ನುಗ್ಗುತ್ತಿದ್ದಳು. ಅವರು ಮೂಲೆಯಲ್ಲಿ ಹೊಂಚಿದರೆ ನಮ್ಮವಳು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ನಂಜುಂಡ ನಡುಗೆರೆಯ ನೇರಕ್ಕೆ ಅಂಗಳದ ಹೊರಗೆ ನಿಂತಿದ್ದ. ಆ ಕಡೆ ಪಾಯಿಂಟು ಬಂದರೆ ಅವನ ಮುಖ ಅರಳುತ್ತಿತ್ತು, ಈ ಕಡೆ ಬಂದರೂ ಅರಳುತ್ತಿತ್ತು. ನನಗೆ ಪಂದ್ಯ ನೋಡಬೇಕೋ ಅವನ ಮುಖ ನೋಡಬೇಕೋ ತಿಳಿಯದೆ ಹೋಯಿತು.

ಕೊನೆಗೆ ಎರಡೂ ಕಡೆ ಸಮ. ಕೊನೆಯ ರೇಡು ಭಾಗ್ಯಳದು. ಒಬ್ಬಳನ್ನು ಮುಟ್ಟಿದಳು, ತಿರುಗಿದಳು, ಗೆರೆ ಕೈಗೆಟಕುವಷ್ಟು ಹತ್ತಿರವಿತ್ತು. ಜ್ವರದಿಂದ ಎದ್ದುಬಂದಿದ್ದ ಗೌರಿ ಎಂಬ ಗಿಡ್ಡ ಹುಡುಗಿ ನೆಲಕ್ಕೆ ಬಿದ್ದು ಅವಳ ಎಡಗಾಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಳು. ಭಾಗ್ಯ ಮಣ್ಣನ್ನು ಪರಚುತ್ತಾ ಅವಳನ್ನೂ ಒಂದಷ್ಟು ದೂರ ಎಳೆದುಕೊಂಡು ಹೋದಳು. ಗೆರೆ ಮುಟ್ಟುವ ಮೊದಲೇ ಉಸಿರು ಮುಗಿಯಿತು. ಒಂದೇ ಪಾಯಿಂಟಿನಲ್ಲಿ ನಾವು ಸೋತೆವು.

ಸೋಲನ್ನು ಭಾಗ್ಯ ತಡೆದುಕೊಳ್ಳುತ್ತಿದ್ದಳೋ ಏನೋ. ಆದರೆ ಆ ಗೌರಿ, ಕಪಟವಿಲ್ಲದ ಹುಡುಗಿ, ಓಡಿಬಂದು ಇವಳನ್ನು ತಬ್ಬಿಕೊಂಡು ಹೇಳಿದಳು: "ಅಕ್ಕ, ನಿಮ್ ಎಡ್ಗಾಲೇ ಇಡೀಬೇಕು ಅಂತ ಅಣ್ಣ ನಂಗೆ ದೀಪಾವಳಿಯಿಂದ ಯೋಳ್ಕೊಟ್ಟವ್ರೆ."

ಭಾಗ್ಯ ನಂಜುಂಡನ ಎದುರು ಹೋಗಿ ನಿಂತಳು. ಗಲ್ಲಕ್ಕೆ ಮಣ್ಣು ಮೆತ್ತಿತ್ತು.

"ನಿಜ್ವಾ ಅಣ್ಣ?"

"ನಿಜ ಕಣಮ್ಮಿ. ನಿಂಗೂ ಯೋಳಿದ್ನಲ್ಲ, ಸರಿ ಮಾಡ್ಕೋ ಅಂತ."

ಅವಳು ತಿರುಗಿ ಹೋಗಿ ಟ್ರಾಕ್ಟರು ಹತ್ತಿದಳು. ಉಳಿದ ಹುಡುಗಿಯರೂ ಹತ್ತಿದರು. ನಂಜುಂಡ ಹತ್ತಲು ಬಂದವನು ಅವರೆಲ್ಲ ಮುಖ ತಿರುಗಿಸಿದ್ದನ್ನು ನೋಡಿ ಕೆಳಗೇ ನಿಂತ. ನಾನು ಕರೆದೆ. "ನೀ ಓಗ್ಲಾ, ನಾ ಬಸ್ಸಲ್ಲಿ ಬತ್ತೀನಿ" ಅಂದ.

ಅಪ್ಪ ಬೈಯಲಿಲ್ಲ. ಸೋತೆವು ಅಂದಾಗ ತಲೆಯಾಡಿಸಿದರು, ಅಷ್ಟೆ. ಅವರ ಮಾತು ಮೊದಲೇ ಆಗಿಹೋಗಿತ್ತು. ಮಾರನೆಯ ಸಂಜೆಯಿಂದ ಭಾಗ್ಯ ಅಂಗಳಕ್ಕೆ ಹೋಗಲಿಲ್ಲ. ಅವಳು ಹೋಗದಿದ್ದರೆ ಬೇರೆಯವರೂ ಹೋಗುವುದಿಲ್ಲ. ಆದರೆ ನಂಜುಂಡ ಎಂದಿನಂತೆ ಬರುತ್ತಿದ್ದ. ಗೆರೆ ಎಳೆದು, ಒಂದಷ್ಟು ಹೊತ್ತು ಕೂತು, ಕತ್ತಲಾಗುತ್ತಲೇ ಸೈಕಲ್ಲು ಹತ್ತಿ ಹೋಗುತ್ತಿದ್ದ. ಆಲೆಮನೆಯಿಂದ ಅದು ನನಗೆ ಕಾಣುತ್ತಿತ್ತು. ಕೊಪ್ಪರಿಗೆ ಬಿಟ್ಟು ಹೋಗುವ ಹಾಗಿರಲಿಲ್ಲ. ಹೋದರೂ ಏನು ಹೇಳಬೇಕು? ಒಂದು ಕಡೆ ತಂಗಿ, ಒಂದು ಕಡೆ ಅವನು. ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರೂ ಪಾಪ ಅನ್ನಿಸುತ್ತಿತ್ತು.

ಕೊನೆಗೆ ಒಂದು ದಿನ ಪಾಂಡವಪುರಕ್ಕೆ ಹೋಗಿ ಅವನ ಅಂಗಡಿಯಲ್ಲಿ ಕೂತೆ. ಅವನಪ್ಪ ಊಟಕ್ಕೆ ಹೋಗಿದ್ದರು. ನಂಜುಂಡ ಊದುಗೊಳವೆಯಿಂದ ದೀಪದ ಉರಿಯನ್ನು ಒಂದು ಮೂಗುತಿಯ ಮೇಲೆ ಬಾಗಿಸುತ್ತಿದ್ದ. ಮುಗಿಸುವ ತನಕ ಕಾದು ಕೇಳಿದೆ.

"ಯಾಕ್ಲಾ ಇಂಗ್ ಮಾಡ್ದೆ?"

"ಏನ್ ಮಾಡ್ದೆ?"

"ನಮ್ಗೂ ಯೋಳ್ಕೊಟ್ಟು, ಅವ್ರಿಗೂ ಯೋಳ್ಕೊಟ್ಟು..."

ಅವನು ಮೂಗುತಿಯನ್ನು ನೀರಿಗೆ ಹಾಕಿದ. "ಓದ್ ವರ್ಸ ಟ್ರಾಕ್ಟರಲ್ಲಿ ಅವ್ಳು ಎಂಗ್ ಅತ್ಲು, ನೀನೂ ನೋಡ್ದೆ. ಆಡಕ್ಕೆ ಯಾರೂ ಇಲ್ದೆ ಅತ್ಲು ಕಣ್ಲಾ. ಯಾರಾದ್ರೂ ಟೀಮ್ ಕಟ್ಟಾರೇನೋ ಅಂತ ಕಾದೆ. ಯಾರೂ ಕಟ್ನಿಲ್ಲ. ನಾಗಮಂಗ್ಲದಲ್ಲಿ ಅಕ್ಕ ಅವ್ಳೆ, ಅವಳ ಬೀದಿ ಉಡ್ಗೀರು ಅವ್ರೆ. ಅದ್ಕೇ ನಾನೇ ಕಟ್ದೆ."

"ನಮ್ಗೊಂದ್ ಮಾತು ಯೋಳೋದಲ್ವಾ?"

"ಯೋಳಿದ್ರೆ ಎರ್ಡು ಕಡೇರೂ ನಂಟ್ರ ತರ ಆಡ್ತಿದ್ರು. ಅವತ್ತು ಆಡುದ್ರಲ್ಲ, ಅಂಗೆ ಆಡ್ತಿದ್ರಾ?"

"ಆದ್ರೆ ಅವ್ಳ ಕಾಲ್ ಇಡ್ಯೋದ ಯಾಕ್ಲಾ ಯೋಳ್ಕೊಟ್ಟೆ?"

"ಗೌರಿಗೆ ಏನ್ ಯೋಳ್ಲಿ ಮತ್ತೆ? ಸುಳ್ಳು ಯೋಳ್ಕೊಡ್ಲಾ? ಅವ್ಳೂ ಅಣ್ಣ ಅಂತಾಳಲ್ಲ."

ಅವನು ಹೇಳಿದ್ದೆಲ್ಲ ಸರಿ ಅನ್ನಿಸುತ್ತಿತ್ತು, ಆದರೂ ಎಲ್ಲೋ ಸರಿಯಿಲ್ಲ ಅನ್ನಿಸುತ್ತಿತ್ತು. ಎದ್ದು ಹೊರಡುವಾಗ ಕೇಳಿದೆ: "ಒಂದ್ ನಿಜ ಯೋಳು. ಯಾರು ಗೆಲ್ಲಿ ಅಂತಿತ್ತು ನಿಂಗೆ?"

ನಂಜುಂಡ ತಲೆ ಎತ್ತಿ ನನ್ನನ್ನು ನೋಡಿದ. ಅವನ ಕಣ್ಣು ಹಳದಿಯಾಗಿರುವುದನ್ನು ನಾನು ಆಗ ಗಮನಿಸಿದೆ. ದೀಪದ ಬೆಳಕಿಗಿರಬೇಕು ಅಂದುಕೊಂಡೆ.

"ನಂಗೇ ಗೊತ್ತಾಗ್ನಿಲ್ಲ ಕಣ್ಲಾ. ಅವ್ಳು ಗೆರೆ ಮುಟ್ಲಿ ಅಂತ್ಲೂ ಇತ್ತು. ಇವ್ಳು ಬುಡಬಾರ್ದು ಅಂತ್ಲೂ ಇತ್ತು. ಎದೆ ಎರ್ಡೂ ಕಡೆ ಎಳ್ದಂಗಾಗಿ ಅಲ್ಲೇ ಕೂತ್ಕೊಬುಡಾನ ಅನ್ನುಸ್ತು."

ಮನೆಗೆ ಬಂದು ಭಾಗ್ಯಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಪುಸ್ತಕ ಮುಚ್ಚದೆ ಕೇಳಿಸಿಕೊಂಡಳು. "ಅಂಗಾರೆ ನಾವು ಅವನ ಟೀಮಲ್ಲ. ಅವನ ಟೀಮುಗಳಲ್ಲಿ ಒಂದು" ಅಂದಳು.

ಮುಂದಿನ ವಾರ ನಂಜುಂಡನಿಗೆ ಕಾಮಾಲೆ ಎಂದು ಗೊತ್ತಾಯಿತು. ಮೊದಲು ನಾಟಿ ಔಷಧ ಕೊಡಿಸಿದರು. ವಾಂತಿ ನಿಲ್ಲದೆ ಹೋದಾಗ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ಹೋಗಿ ನೋಡಿಬಂದೆ. ಭಾಗ್ಯಳನ್ನು ಕರೆದಾಗ, "ವಾಸಿ ಆಗಿ ಬರ್ಲಿ, ಜಗಳ ಆಡೋದದೆ. ಕಾಯ್ಲೆ ಬಿದ್ದೋರ ತಾವ ಎಂಗ್ ಜಗಳ ಆಡ್ಲಿ?" ಅಂದಳು. ಅವಳು ಜಗಳಕ್ಕೆ ಸಿದ್ಧಳಾಗಿದ್ದಾಳೆ ಅಂತ ಆಸ್ಪತ್ರೆಯಲ್ಲಿ ಹೇಳಿದಾಗ ನಂಜುಂಡನಿಗೆ ನಗು ಬಂತು. "ಬರ್ಲಿ ಬರ್ಲಿ" ಅಂದ. ಶಿವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗ ತೀರಿಕೊಂಡ. ಊರಿಗೆ ತಂದು ಅವರ ಹೊಲದಲ್ಲೇ ಮಣ್ಣು ಮಾಡಿದೆವು. ಅವತ್ತು ಗಾಣ ನಿಲ್ಲಿಸಿದ್ದೆವು. ಭಾಗ್ಯ ಅಳಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೆಂದು ತಿಳಿಯದವಳ ಹಾಗೆ ಬೇಲಿಯ ಹತ್ತಿರ ನಿಂತಿದ್ದಳು.

ಹನ್ನೊಂದನೆಯ ದಿನ ಅವರ ಮನೆ ಮುಂದೆ ಚಪ್ಪರ ಹಾಕಿದ್ದರು. ನಾಗಮಂಗಲದ ಹುಡುಗಿಯರು ಅವನ ಅಕ್ಕನ ಜೊತೆ ಬಂದು ಒಂದು ಕಡೆ ಕೂತರು. ಗೌರಿ ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ನಮ್ಮವರು ಇನ್ನೊಂದು ಕಡೆ. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಎಲೆ ಹಾಕುವ ಹೊತ್ತಿಗೆ ಗೇಟಿನಲ್ಲಿ ಇನ್ನೊಂದು ಗುಂಪು ಕಾಣಿಸಿತು. ಎಲ್ಲ ಸಣ್ಣ ವಯಸ್ಸಿನ ಹುಡುಗಿಯರು, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ನಂಜುಂಡನ ಅಪ್ಪ ಎದ್ದು ಹೋದರು.

"ನೀವ್ಯಾರಮ್ಮ?"

"ನಾವು ಕೆ.ಆರ್. ಪೇಟೆಯೋರು ತಾತ. ಅಣ್ಣ ನಮ್ಗೆ ಕಬಡ್ಡಿ ಯೋಳ್ಕೊಡ್ತಿದ್ರು."

ಮುದುಕರು ಅವರನ್ನು ನೋಡಿದರು. ಮತ್ತೆ ಹಿಂತಿರುಗಿ ಎರಡೂ ಕಡೆ ಕೂತಿದ್ದವರನ್ನು ನೋಡಿದರು. "ಇನ್ನೂ ಎಷ್ಟು ಜನ ಅವ್ರೋ ಮಗನೇ!" ಅಂದು ಚಪ್ಪರದ ಕಂಬ ಹಿಡಿದುಕೊಂಡು ನೆಲಕ್ಕೆ ಕೂತರು. ಅವರು ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ. ಅವನು ತೀರಿಕೊಂಡ ಮೇಲೆ ಭಾಗ್ಯ ಮೊದಲ ಸಲ ಅತ್ತಳು.

ಊಟವಾದ ಮೇಲೆ ಕೆ.ಆರ್. ಪೇಟೆಯ ಹುಡುಗಿಯರಲ್ಲಿ ಒಬ್ಬಳು ಯಾರನ್ನು ಕೇಳಬೇಕೆಂದು ತಿಳಿಯದೆ ನನ್ನನ್ನು ಕೇಳಿದಳು: "ನಾವಿನ್ನೂ ಒಂದ್ ಮ್ಯಾಚೂ ಆಡಿಲ್ಲ ಅಣ್ಣ. ಮುಂದ್ಲ ಸಂಕ್ರಾಂತಿಗೆ ಆಡ್ಸ್ತೀನಿ ಅಂದಿದ್ರು. ಈಗ ನಮ್ಗೆ ಯಾರು ಯೋಳ್ಕೊಡ್ತಾರೆ?"

ನಾನು ಬಾಯಿ ತೆರೆಯುವ ಮುಂಚೆ ಭಾಗ್ಯ ಹೇಳಿದಳು: "ನಾನ್ ಬತ್ತೀನಿ. ಭಾನ್ವಾರ."

ದಾರಿಯಲ್ಲಿ ಕೇಳಿದೆ: "ಸಿಟ್ಟು ಓಯ್ತಾ?"

"ಇಲ್ಲ."

"ಮತ್ತೆ?"

"ನಂಗೊತ್ತಿಲ್ಲ, ಕೇಳ್‌ಬ್ಯಾಡ."

ಅಪ್ಪ ಏನನ್ನುತ್ತಾರೋ ಅಂತ ನಾನು ಹೆದರಿದ್ದೆ. ಅವರು ಚಪ್ಪರದಲ್ಲಿ ಎಲ್ಲವನ್ನೂ ನೋಡಿದ್ದರು. ಭಾನುವಾರ ಬೆಳಿಗ್ಗೆ ಒಲೆಗೆ ಸಿಪ್ಪೆ ತಳ್ಳುತ್ತಿದ್ದ ನನ್ನ ಕೈಯಿಂದ ಕವೆಗೋಲು ತೆಗೆದುಕೊಂಡು, "ಒಬ್ಳೇ ಓಯ್ತಾಳಾ? ನೀನೂ ಓಗ್ಲಾ, ನಾ ನೋಡ್ಕತೀನಿ" ಅಂದರು.

ಕೆ.ಆರ್. ಪೇಟೆಯಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಒಂದು ಬಯಲಲ್ಲಿ ಹುಡುಗಿಯರು ಕಾಯುತ್ತಿದ್ದರು. ಭಾಗ್ಯ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಳು. ಅವರಲ್ಲಿ ಚೂಟಿಯಾದ ಒಬ್ಬಳು ತಡೆಯಲಾರದೆ ಕೇಳಿದಳು: "ಅಕ್ಕ, ಮುಂದ್ಲ ಸಲ ನಿಮ್ ಮ್ಯಾಲೇ ಅಲ್ವಾ ನಾವು ಆಡೋದು? ಎಲ್ಲಾನೂ ಯೋಳ್ಕೊಡ್ತೀರಾ?"

ಭಾಗ್ಯ ಆ ಹುಡುಗಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು.

"ಎಲ್ಲಾನೂ" ಅಂದಳು.

ಮತ್ತೆ ಗೆರೆ ದಾಟಿ ಅವರೊಳಗೆ ನುಗ್ಗಿದಳು. ಅವರು ಹೆದರಿ ಹಿಂದೆ ಸರಿದರು. "ಇಡೀರಮ್ಮಿ, ನಿಂತ್ಕಂಡ್ ನೋಡ್ತೀರಲ್ಲ!" ಎಂದು ಅವಳೇ ಕೂಗಿದಳು. ಎರಡನೆಯ ಸಲ ಒಬ್ಬಳು ಸೊಂಟ ಹಿಡಿದಳು, ಇನ್ನೊಬ್ಬಳು ತೋಳು ಹಿಡಿದಳು, ಆಮೇಲೆ ಎಲ್ಲರೂ ಮೇಲೆ ಬಿದ್ದರು. ಧೂಳಿನೊಳಗೆ ಯಾರ ಕೈ ಯಾರ ಕಾಲು ಎಂದು ಕಾಣದಂತಾಯಿತು. ಬಯಲಿನ ಅಂಚಿಗೆ ನಿಂತಿದ್ದ ನನಗೆ ಯಾರ ಕಡೆ ಕೂಗಬೇಕೆಂದು ಹೊಳೆಯಲಿಲ್ಲ. ಎರಡೂ ಕಡೆಗೆ ಕೂಗಿದೆ, ಗಂಟಲು ಕಟ್ಟುವ ತನಕ.